ಗುಲಾಬಿ ಎಲೆ ತಿನ್ನುವ ದುಂಬಿಗಳನ್ನು ಹತೋಟಿಗೆ ತರುವುದು ಹೇಗೆ?

ಮುಂಗಾರಿನ ಮೊದಲ ಮಳೆಗಳ ನಂತರ ಬೆಳಗಾಗುವುದರೊಳಗೆ ಗುಲಾಬಿ ಎಲೆಗಳು ಜರಡಿಯಂತಾಗುತ್ತಿವೆ, ಹಗಲಲ್ಲಿ ಹುಳುವೇ ಕಾಣುವುದಿಲ್ಲ ಎಂದಿದ್ದೀರಿ. ಇದು ಬಹುಮಟ್ಟಿಗೆ ಗೊಣ್ಣೆಹುಳು, ಅಂದರೆ ಮಣ್ಣಿನಲ್ಲಿ ಬೇರು ತಿನ್ನುವ ಬಿಳಿ ಹುಳು, ಬೆಳೆದು ಆಗುವ ದುಂಬಿಯ ಕೆಲಸ. ಹಗಲಿಡೀ ಮಣ್ಣಿನಲ್ಲಿ ಅಡಗಿದ್ದು, ಕತ್ತಲಾದ ಮೇಲೆ ಹಾರಿ ಬಂದು ಮೇಯುತ್ತದೆ.

ರಾತ್ರಿ ಎಂಟರ ಸುಮಾರಿಗೆ ಟಾರ್ಚ್ ಹಿಡಿದು ನೋಡಿ. ಎಲೆಯಂಚನ್ನು ಕಾಲುಗಳಿಂದ ಬಿಗಿಯಾಗಿ ಅವುಚಿಕೊಂಡ ಕಂದು ದುಂಬಿಗಳು ಸಿಗುತ್ತವೆ. ಕೆಳಗೆ ಸೋಪಿನ ನೀರಿನ ಬಕೆಟ್ ಹಿಡಿದು ಕೊಂಬೆಯನ್ನು ಜೋರಾಗಿ ಅಲುಗಿಸಿದರೆ ಪಟಪಟನೆ ಉದುರುತ್ತವೆ. ನಾಲ್ಕಾರು ಗಿಡಗಳಿರುವ ಕೈತೋಟಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮಳೆ ಬಿದ್ದ ಮೊದಲ ವಾರಗಳಲ್ಲೇ ಬೇಸರಪಡದೆ ದಿನವೂ ಆರಿಸಿ. ತಡಮಾಡಿದರೆ ಅವು ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ.

ನಿಜವಾದ ಅಪಾಯ ಅಲ್ಲಿಂದಲೇ ಶುರು. ಮರಿಹುಳುಗಳು ಬೇರು ಕಡಿಯುತ್ತವೆ. ನೀರು ಹಾಕಿದರೂ ಗಿಡ ಬಾಡುತ್ತಿದ್ದರೆ ಬುಡವನ್ನು ಮೆಲ್ಲನೆ ಕೆದಕಿ: ಕೊಕ್ಕೆಯಂತೆ ಮುದುಡಿದ, ಕಂದು ತಲೆಯ ಬಿಳಿ ಹುಳುಗಳಿದ್ದರೆ ಹೆಕ್ಕಿ ತೆಗೆಯಿರಿ. ಮಣ್ಣಿಗೆ ಬೇವಿನ ಹಿಂಡಿ ಬೆರೆಸಿ. ಮೆಟಾರೈಜಿಯಂ ಎಂಬ ಶಿಲೀಂಧ್ರದ ಪುಡಿಯನ್ನು ಕಳಿತ ಗೊಬ್ಬರದೊಂದಿಗೆ ಕೊಟ್ಟು ತೇವ ಉಳಿಸಿಕೊಂಡರೆ ಅದು ಹುಳುಗಳಿಗೆ ರೋಗ ತಗುಲಿಸುತ್ತದೆ. ಅರೆಕಳಿತ ಸಗಣಿ ಮಾತ್ರ ಬೇಡವೇ ಬೇಡ, ಎಷ್ಟೋ ಸಲ ಹುಳು ಬರುವುದೇ ಅದರ ಜೊತೆಗೆ.

ಎಲೆಗಳಿಗೆ ಸಂಜೆ ಹೊತ್ತು, ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಕೆಲವು ಹನಿ ಸೋಪಿನ ದ್ರಾವಣದೊಂದಿಗೆ ಕಲಸಿ ಸಿಂಪಡಿಸಬಹುದು. ದುಂಬಿ ಸಾಯುವುದಕ್ಕಿಂತ ಎಲೆಯ ರುಚಿ ಕೆಟ್ಟು ದೂರವಾಗುತ್ತದೆ. ಮಳೆ ಬಂದರೆ ತೊಳೆದುಹೋಗುವುದರಿಂದ ಮತ್ತೆ ಸಿಂಪಡಿಸಬೇಕು. ಹೂವಿರುವಾಗ ಘಾಟು ಕೀಟನಾಶಕ ಹೊಡೆಯಬೇಡಿ, ದಯವಿಟ್ಟು. ಮೊದಲು ಸಾಯುವುದು ಜೇನ್ನೊಣಗಳು.