ಕಥೆಯ ಗೇಮ್‌ಗಳನ್ನು ಜೂಜು ಎನ್ನುವ ತಂದೆಯವರಿಗೆ ತಿಳಿಸುವ ಬಗೆ

ಪುಣೆಯಲ್ಲಿರುವ ನೀವು ಕಥಾಪ್ರಧಾನ ವಿಡಿಯೋ ಗೇಮ್‌ಗಳನ್ನು ಆಡುವುದನ್ನೂ ನಿಮ್ಮ ತಂದೆಯವರು ‘ಜೂಜಿನ ಚಟ’ ಎನ್ನುತ್ತಾರೆ, ಆಡಲು ಕೂತರೆ ನಿಮಗೆ ಹೊತ್ತಿನ ಪರಿವೆ ಇರುವುದಿಲ್ಲವೆಂದೂ ದೂರುತ್ತಾರೆ ಎಂದಿದ್ದೀರಿ. ಅವರು ಜೂಜು ಎನ್ನುವುದಕ್ಕೆ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಯಂಥ ಆಟಗಳ ಸುದ್ದಿಯೇ ಮುಖ್ಯ ಕಾರಣವಿರಬೇಕು. ಆದ್ದರಿಂದ ಮೊದಲು ಆ ಎರಡನ್ನೂ ಬೇರ್ಪಡಿಸಿ ಹೇಳಿ: ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರಲ್ಲಿ ಅಂಗೀಕರಿಸಿತು, ಒಮ್ಮೆ ಕೊಂಡು ಕಥೆ ಮುಗಿಯುವವರೆಗೆ ಆಡುವ ಗೇಮಿನಲ್ಲಿ ಪಣವೆಂಬುದೇ ಇಲ್ಲ.

ಆಮೇಲೆ ವಾದಿಸದೆ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಗೇಮ್ ತೋರಿಸಿ. ನೀವಿರುವ ಪುಣೆಯದೇ ಆದ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ ರೂಪಿಸಿ, 2020ರಲ್ಲಿ ಬಿಡುಗಡೆಯಾದ ‘ರಾಜಿ: ಆ್ಯನ್ ಏನ್ಶಿಯಂಟ್ ಎಪಿಕ್’ ನನ್ನ ಮೊದಲ ಆಯ್ಕೆ. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕುತ್ತ ಹೊರಟ ಹುಡುಗಿಯ ಕಥೆಯನ್ನು ಅದರಲ್ಲಿ ದುರ್ಗೆ ಮತ್ತು ವಿಷ್ಣು ನಿರೂಪಿಸುತ್ತಾರೆ; ನಡುನಡುವೆ ಬರುವ ನೆರಳಿನ ದೃಶ್ಯಗಳು ನಮ್ಮ ತೊಗಲುಗೊಂಬೆಯಾಟವನ್ನೇ ನೆನಪಿಸುತ್ತವೆ, ಗೋಡೆಚಿತ್ರಗಳ ಮುಂದೆ ನಿಂತರೆ ಪುರಾಣದ ಪ್ರಸಂಗಗಳು ಕೇಳಿಬರುತ್ತವೆ. ಅಲ್ಲಿ ಅವಸರಪಡಬೇಡಿ, ಆ ಪ್ರಸಂಗದ ಉಳಿದ ಭಾಗವನ್ನು ಅವರ ಬಾಯಿಂದಲೇ ಕೇಳಿ.

ಹೊತ್ತಿನ ಪರಿವೆ ಇರುವುದಿಲ್ಲವೆಂಬ ಅವರ ದೂರಿನಲ್ಲಿ ಮಾತ್ರ ಹುರುಳಿದೆ. ಊಟಕ್ಕೆ ಕರೆದಾಗ ‘ಐದೇ ನಿಮಿಷ’ ಎನ್ನದೆ ಪಾಜ್ ಒತ್ತಿ ಎದ್ದುಬನ್ನಿ. ಒಬ್ಬರೇ ಆಡುವ ಗೇಮಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಗೇಮಿಂಗ್ ಕಾಯಿಲೆ ಎಂದು ಗುರುತಿಸುವುದು, ಆಟದ ಮೇಲಿನ ಹಿಡಿತ ತಪ್ಪಿ, ದಿನನಿತ್ಯದ ಬದುಕು ಕೆಟ್ಟು, ಸಾಮಾನ್ಯವಾಗಿ 12 ತಿಂಗಳಾದರೂ ಮುಂದುವರಿದ ಸ್ಥಿತಿಯನ್ನು. ನಿಮ್ಮ ಕೆಲಸ, ನಿದ್ದೆ ಸರಿಯಾಗಿದ್ದರೆ ಇದನ್ನೂ ನಿಸ್ಸಂಕೋಚವಾಗಿ ಹೇಳಿ.

ಅವರು ಇಷ್ಟಕ್ಕೇ ಒಪ್ಪುತ್ತಾರೆಂದು ಖಚಿತವಾಗಿ ಹೇಳಲಾರೆ. ಭಾನುವಾರ ಊಟವಾದ ಮೇಲೆ ಅರ್ಧ ಗಂಟೆಯಷ್ಟೇ ತೋರಿಸಿ ನೋಡಿ.