ಹುಡುಗಿಯರ ನಿಮಿಷ ಬರೆದಿಡಬೇಕಾ?

ಪ್ರಶ್ನೆ: ಬೆಳಗಾವಿಯ ಖಡೇಬಜಾರಿನ ಒಂದು ಸೀರೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ವಯಸ್ಸು 44. ಈಗ ಸೂಪರ್‌ವೈಸರ್. ಕೈಕೆಳಗೆ ಒಂಬತ್ತು ಹುಡುಗಿಯರಿದ್ದಾರೆ. ಮದುವೆ ಸೀಸನ್ ಶುರುವಾದ ಮೇಲೆ ಮಾಲಕರು ನನ್ನ ಕೈಗೊಂದು ನೋಟ್‌ಬುಕ್ ಕೊಟ್ಟಿದ್ದಾರೆ. ಯಾರು ಯಾವಾಗ ಹೊರಗೆ ಹೋದರು, ಯಾವಾಗ ಬಂದರು ಅಂತ ಬರೆಯಬೇಕು. ಊಟದ ಅರ್ಧ ಗಂಟೆ ಬಿಟ್ಟು ದಿನಕ್ಕೆ 20 ನಿಮಿಷ ದಾಟಿದರೆ ಅರ್ಧ ದಿನದ ಪಗಾರ ಕಟ್. ಅಂಗಡಿಯಲ್ಲಿ ಟಾಯ್ಲೆಟ್ ಇದೆ, ಆದರೆ ಅದಕ್ಕೆ ಕೀಲಿ. ಮಾಲಕರ ಮನೆಯವರು, ದೊಡ್ಡ ಗಿರಾಕಿಗಳು ಬಂದಾಗ ಮಾತ್ರ ತೆಗೆಯುತ್ತಾರೆ. ಹುಡುಗಿಯರು ಗಲ್ಲಿ ದಾಟಿ ದುಡ್ಡು ಕೊಟ್ಟು ಹೋಗುವ ಶೌಚಾಲಯಕ್ಕೆ ಹೋಗಬೇಕು. ಗಂಡಸರು ಚಹಾ, ತಂಬಾಕು ಅಂತ ಅಂಗಡಿ ಮುಂದೆಯೇ ನಿಂತಿರುತ್ತಾರೆ. ಅವರ ಹೆಸರು ನೋಟ್‌ಬುಕ್ಕಿನಲ್ಲಿಲ್ಲ. ಒಬ್ಬ ಹುಡುಗಿಗೆ ಮದುವೆ ಗೊತ್ತಾಗಿದೆ. ಆಕೆ ಮೆಟ್ಟಿಲ ಕೆಳಗೆ ನಿಂತು ಅರ್ಧ ಗಂಟೆ ಫೋನಿನಲ್ಲಿ ಮಾತಾಡುತ್ತಾಳೆ. ಉಳಿದವರು ‘ಅಕ್ಕಾ, ಮೊದಲ ಆಕೀದು ಬರೀರಿ’ ಅನ್ನುತ್ತಾರೆ. ನನಗೂ ಈಚೆಗೆ ಮುಟ್ಟಿನ ಸ್ರಾವ ಜಾಸ್ತಿ, ಪದೇಪದೇ ಹೋಗಬೇಕಾಗುತ್ತದೆ. ನನ್ನ ಹೆಸರು ನಾನು ಬರೆದಿಲ್ಲ. ಯಜಮಾನರು ತೀರಿಕೊಂಡಾಗ ಕೆಲಸ ಕೊಟ್ಟವರು ಈ ಮಾಲಕರೇ. ಬರೆದರೆ ಹುಡುಗಿಯರ ಶಾಪ, ಬರೆಯದಿದ್ದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಏನು ಮಾಡಲಿ?
— ಹೆಸರು ಬೇಡ, ಬೆಳಗಾವಿ

ಅಕ್ಕಾರ, ಮೊದಲು ಆ ಕೀಲಿಯ ಮಾತಾಡೋಣ.

ಮದುವೆ ಸೀಸನ್ನಿನ ಸಂಜೆ ಖಡೇಬಜಾರ್ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಖಾನಾಪುರದಿಂದ, ಚಂದಗಡದಿಂದ ಜವಳಿಗೆ ಬಂದ ಮಂದಿ, ನಡುವೆ ನುಗ್ಗುವ ಸ್ಕೂಟರ್‌ಗಳು, ರಸ್ತೆ ಬದಿಯ ವ್ಯಾಪಾರ. ಹುಡುಗಿ ಅಷ್ಟೂ ಜನರನ್ನು ದಾಟಿ ಹೋಗಬೇಕು. ಅಲ್ಲಿ ಸಾಲಿನಲ್ಲಿ ನಿಲ್ಲಬೇಕು. ಚಿಲ್ಲರೆ ಕೊಡಬೇಕು. ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರಬೇಕು. ನೀವು 20 ನಿಮಿಷ ಅಂತ ಬರೆಯುತ್ತೀರಿ. ಅದರಲ್ಲಿ ಆಕೆಗೆ ಬೇಕಾಗಿದ್ದದ್ದು ನಾಲ್ಕೈದು ನಿಮಿಷ. ಉಳಿದ ಹೊತ್ತು ಹೋದದ್ದು ಆ ಬಾಗಿಲಿಗೆ ಕೀಲಿ ಹಾಕಿದ್ದರಿಂದ. ಕೀಲಿ ಹಾಕಿದವರು ಮಾಲಕರು, ಪಗಾರ ಕಟ್ ಆಗುವುದು ಹುಡುಗಿಯದು. ಇದು ನನಗೆ ಯಾವ ರೀತಿಯಿಂದಲೂ ಸರಿ ಕಾಣುವುದಿಲ್ಲ.

ಇನ್ನೊಂದು ಗಮನಿಸಿ. ನಿಮ್ಮ ಹುಡುಗಿಯರು ತಂದ ನೀರಿನ ಬಾಟಲಿ ಸಂಜೆಯವರೆಗೆ ತುಂಬಿದ್ದು ತುಂಬಿದ ಹಾಗೇ ಇರುತ್ತದಾ? ಹೊರಗೆ ಹೋಗಬೇಕಾಗುತ್ತದೆ ಅನ್ನುವ ಹೆದರಿಕೆಗೆ ನೀರು ಬಿಡುವ ಹೆಣ್ಣುಮಕ್ಕಳು ಬಹಳ. ನೀರು ಕಡಿಮೆ ಕುಡಿದು, ಮೂತ್ರ ತಡೆದುಕೊಂಡು ನಿಂತರೆ ಉರಿ, ಸೋಂಕು, ಕೆಲವರಿಗೆ ಕಿಡ್ನಿ ಕಲ್ಲು. ನೋಟ್‌ಬುಕ್ ಬಂದ ಮೇಲೆ ಈ ಹೆದರಿಕೆ ಇನ್ನೂ ಹೆಚ್ಚಾಗಿರುತ್ತದೆ. ದೇಹದ ಕರೆಗೆ ಹೋಗುವುದನ್ನು ಚಹಾ, ಹರಟೆ, ಫೋನಿನ ಜೊತೆ ಒಂದೇ ಸಾಲಿನಲ್ಲಿ ಬರೆಯುವುದೇ ತಪ್ಪು.

ಕಾನೂನಿನ ಮಾತೂ ತಿಳಿದಿರಲಿ. ಅಂಗಡಿಗಳಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ಯಾರನ್ನೂ ಒಂದೇ ಸಮನೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ನಡುವೆ ಕನಿಷ್ಠ 1 ಗಂಟೆ ವಿಶ್ರಾಂತಿ ಕೊಡಬೇಕು. ನಿಮ್ಮಲ್ಲಿ ಕೊಡುವುದು ಅರ್ಧ ಗಂಟೆ. ಅಂದರೆ ನೀವು ನೋಟ್‌ಬುಕ್ ತೆರೆಯುವ ಮೊದಲೇ ಪ್ರತಿ ಹುಡುಗಿಗೂ ದಿನಕ್ಕೆ ಅರ್ಧ ಗಂಟೆ ಬಾಕಿ ಬರಬೇಕಿದೆ! ಪಗಾರ ಕಟ್ ಮಾಡುವುದಕ್ಕೂ ಮಿತಿ ಇದೆ. ಕೆಲಸಕ್ಕೆ ಇಲ್ಲದ ಹೊತ್ತಿಗೆ ಎಷ್ಟು ಬರುತ್ತದೋ ಅಷ್ಟನ್ನೇ ಹಿಡಿಯಬೇಕು, ಅದಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇದೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೇ ಇದೆ. ಐದೋ ಹತ್ತೋ ನಿಮಿಷ ಹೆಚ್ಚಾಯಿತು ಅಂತ ಅರ್ಧ ದಿನದ ಪಗಾರ ಹಿಡಿಯುವುದು ಇದಕ್ಕೆ ಹೊಂದುವುದಿಲ್ಲ.

ಗಂಡಸರ ಚಹಾ ಬಗ್ಗೆ ನನಗೆ ತಕರಾರಿಲ್ಲ. ಬೆಳಿಗ್ಗೆಯಿಂದ ಗಂಟು ಹೊತ್ತವರು ಒಂದು ಕಪ್ ಚಹಾ ಕುಡಿಯಲಿ. ಆದರೆ ಕಣ್ಣೆದುರಿಗೆ ನಿಂತವರು ಕೆಲಸದಲ್ಲಿದ್ದ ಹಾಗೆ, ಕಣ್ಣಿಗೆ ಮರೆಯಾದವರು ಮೈಗಳ್ಳರು ಅನ್ನುವ ಲೆಕ್ಕ ಬೇಡ. ಬರೆಯುವುದಾದರೆ ಎಲ್ಲರದೂ ಬರೆಯಬೇಕು, ಗಲ್ಲಾದ ಮೇಲೆ ಕೂತ ಮಾಲಕರ ಅಳಿಯನದೂ. ಇಲ್ಲದಿದ್ದರೆ ಯಾರದೂ ಬೇಡ.

ಈಗ ಆ ಫೋನಿನ ಹುಡುಗಿ. ಆಕೆಯ ವಿಷಯದಲ್ಲಿ ಉಳಿದವರ ಸಿಟ್ಟು ಸುಮ್ನೆ ಅಲ್ಲ. ಗಾದಿಯ ಮೇಲೆ ಎರಡು ಮನೆಯ ಬೀಗರು ಕೂತಿದ್ದಾರೆ, ಐವತ್ತು ಸೀರೆ ಬಿಚ್ಚಿ ಬಿದ್ದಿವೆ, ‘ಇದರಾಗ ಹಸರ ಬಣ್ಣ ಐತೇನ?’ ಅಂತ ಒಬ್ಬರು, ‘ಇಳಕಲ್ ತೋರಸ್ರಿ’ ಅಂತ ಇನ್ನೊಬ್ಬರು. ಅದೇ ಹೊತ್ತಿಗೆ ಒಬ್ಬಳು ಮೆಟ್ಟಿಲ ಕೆಳಗೆ ನಗುತ್ತಾ ನಿಂತಿದ್ದರೆ, ಆಕೆಯ ಪಾಲಿನ ಸೀರೆಯನ್ನೂ ಮಡಿಚುವವರ ಕೈ ನೋಯುತ್ತದೆ. ಬ್ರೇಕ್ ತೆಗೆದುಕೊಳ್ಳುವುದು ಸರಿಯಾ ತಪ್ಪಾ ಅಂತ ಕೇಳಿದರೆ ನಾನು ನೋಡುವುದು ಇದನ್ನೇ: ನೀನು ಎದ್ದು ಹೋದಾಗ ನಿನ್ನ ಕೆಲಸ ಯಾರ ಮೇಲೆ ಬಿತ್ತು? ಅವರಿಗೆ ಹೇಳಿ ಹೋದೆಯಾ? ಅವರು ಹೋದಾಗ ನೀನು ನಿಂತೆಯಾ?

ಆದರೆ ಆಕೆಯ ಹೆಸರನ್ನು ನೇರವಾಗಿ ಮಾಲಕರ ಮುಂದಿಡಬೇಡಿ. ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು, ಉಳಿದವರ ಎದುರಿಗಲ್ಲ, ಹೇಳಿ: ‘ನೋಡವ್ವಾ, ಮಾತಾಡಬ್ಯಾಡ ಅನ್ನೂದಿಲ್ಲ. ಊಟದಾಗ ಮಾತಾಡು, ರಾತ್ರಿ ಮಾತಾಡು. ಗಿರಾಕಿ ಕುಂತಾಗ ಮಾತ್ರ ಬ್ಯಾಡ.’ ಹೊಸದಾಗಿ ಗೊತ್ತಾದ ಹುಡುಗ ಫೋನ್ ಮಾಡಿದಾಗ ಎತ್ತದಿದ್ದರೆ ಆಚೆ ಮನೆಯವರು ಏನಂದುಕೊಳ್ಳುತ್ತಾರೋ ಅನ್ನುವ ಭಯವೂ ಆಕೆಗೆ ಇರಬಹುದು. ಕೇಳಿ ನೋಡಿ. ಎರಡು ಸಲ ಹೇಳಿದ ಮೇಲೂ ನಡೆ ಬದಲಾಗದಿದ್ದರೆ ಆಗ ಬರೆಯಿರಿ. ಆಕೆಗೆ ಹೇಳಿಯೇ ಬರೆಯಿರಿ.

ನಿಮ್ಮ ಆರೋಗ್ಯದ ವಿಷಯ ನನಗೆ ಹೆಚ್ಚು ಚಿಂತೆಯಾಗಿದೆ. ಈ ವಯಸ್ಸಿಗೆ ಇದೆಲ್ಲಾ ಇದ್ದದ್ದೇ ಅಂತ ಬಿಟ್ಟುಬಿಡಬೇಡಿ. ಸ್ರಾವ ಜಾಸ್ತಿಯಾದರೆ ರಕ್ತ ಕಡಿಮೆಯಾಗುತ್ತದೆ. ಗಡ್ಡೆಯೋ ಇನ್ನೇನೋ ಕಾರಣವೂ ಇರಬಹುದು. ಒಂದು ದಿನ ರಜೆ ಹಾಕಿ ಬಿಮ್ಸ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗಕ್ಕೆ ಹೋಗಿ ತೋರಿಸಿ. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ 18ರಿಂದ 52 ವಯಸ್ಸಿನ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ ಪಗಾರ ಸಹಿತ ಮುಟ್ಟಿನ ರಜೆ ಅಂತ ಆದೇಶ ಮಾಡಿದೆ. ಅದು ಹೈಕೋರ್ಟಿನವರೆಗೂ ಹೋಗಿದೆ, ಆದರೂ ಮಾಲಕರ ಕಿವಿಗೆ ಬಿದ್ದಿರಲಿ. ನಿಮ್ಮ ಹೆಸರು ಬರೆಯದೆ ಬಿಟ್ಟದ್ದಕ್ಕೆ ನಾನು ಬಯ್ಯುವುದಿಲ್ಲ. ನಿಮಗೆ ಹೋಗಲೇಬೇಕಿತ್ತು, ಹೋದಿರಿ. ಅದೇ ಮಾತು ಆ ಒಂಬತ್ತು ಜನಕ್ಕೂ ಸಲ್ಲುತ್ತದೆ, ಅಲ್ವಾ?

ಮಾಲಕರ ಋಣ ದೊಡ್ಡದು, ಒಪ್ಪಿದೆ. ಕಷ್ಟಕಾಲದಲ್ಲಿ ಕೈ ಹಿಡಿದವರು. ಆ ಋಣವನ್ನು ಹನ್ನೊಂದು ವರ್ಷ ನಿಂತು ದುಡಿದು ತೀರಿಸುತ್ತಾ ಬಂದಿದ್ದೀರಿ. ಅದನ್ನು ಬೇರೆಯವರ ಪಗಾರದಿಂದ ತೀರಿಸಬೇಕಾಗಿಲ್ಲ. ಎದುರಾಡುವ ಮಾತೂ ಬೇಡ. ಅವರಿಗೆ ಲಾಭದ ಭಾಷೆಯಲ್ಲೇ ಹೇಳಿ. ಬೆಳಿಗ್ಗೆ ಗಿರಾಕಿ ಬರುವ ಮೊದಲು, ಒಬ್ಬರೇ ಇದ್ದಾಗ: ‘ಸಾಹುಕಾರ್ರ, ಹುಡಿಗ್ಯಾರು ಹೊರಗ ಹೋಗಿ ಬರೋದ್ರಾಗ ಗಿರಾಕಿ ಎದ್ದು ಹೊಂಟಬಿಡ್ತಾರ. ಒಳಗಿನ ಕೀಲಿ ನನ್ನ ಕಡೆ ಕೊಡ್ರಿ. ಸ್ವಚ್ಛ ಇಡೂ ಜವಾಬ್ದಾರಿ ನಂದು.’ ಜೊತೆಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಎಲ್ಲರಿಗೂ ಸರದಿಯಲ್ಲಿ ಚಹಾಕ್ಕೆ ಬಿಡಿ ಅಂತ ಕೇಳಿ. ಊಟದ ಉಳಿದ ಅರ್ಧ ಗಂಟೆಯ ವಿಷಯವನ್ನೂ ಎತ್ತಿ. ಅದು ಒಂದೇ ದಿನಕ್ಕೆ ಆಗಲಿಕ್ಕಿಲ್ಲ. ಕೀಲಿ ಮಾತ್ರ ಮೊದಲ ವಾರದಲ್ಲೇ ಸಿಗಬೇಕು.

ಏನೂ ಒಪ್ಪದೆ ಪಗಾರ ಕಟ್ ಮಾಡಿಯೇ ತೀರುತ್ತೇನೆ ಅಂದರೆ, ಇಂಥದ್ದನ್ನು ನೋಡಲು ಕಾರ್ಮಿಕ ಇಲಾಖೆಯ ನಿರೀಕ್ಷಕರು ಬೆಳಗಾವಿಯಲ್ಲೇ ಇದ್ದಾರೆ. ನೀವೊಬ್ಬರೇ ಹೋಗಬೇಡಿ, ನಾಲ್ಕು ಜನ ಕೂಡಿ ಹೋಗಿ. ಈ ತಿಂಗಳು ಈಗಾಗಲೇ ಯಾರದಾದರೂ ಅರ್ಧ ದಿನ ಹಿಡಿದಿದ್ದರೆ, ಪಗಾರದ ದಿನಕ್ಕೆ ಮೊದಲೇ ಆ ಲೆಕ್ಕ ಮಾಲಕರ ಮುಂದಿಡಿ. ದುಡ್ಡು ಎಣಿಸಿ ಕೈಗೆ ಕೊಟ್ಟಾದ ಮೇಲೆ ಕೇಳುವುದು ಕಷ್ಟ.