ದಿನಕ್ಕೆ ಎರಡು ಮಾಕ್ ಟೆಸ್ಟ್ ಬರೆದರೂ ಸ್ಕೋರ್ ಯಾಕೆ ಏರುತ್ತಿಲ್ಲ?

ಹೊರದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್. ಅದರ ಲಿಸನಿಂಗ್ ಮತ್ತು ರೀಡಿಂಗ್ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಒಟ್ಟಿಗೆ ಓದಿದೆ. ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ದಾವಣಗೆರೆಯಲ್ಲಿ ಮೆಡಿಕಲ್, ನರ್ಸಿಂಗ್, ಇಂಜಿನಿಯರಿಂಗ್ ಓದಿದವರಿಗೇನೂ ಕಡಿಮೆ ಇಲ್ಲ, ಹೊರದೇಶಕ್ಕೆ ಹೊರಟವರೂ ಜಾಸ್ತಿ. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಇಂಗ್ಲಿಷ್ ಆಗಲೇ ಬರುವವರಿಗೆ. ಪರೀಕ್ಷೆ ಅಂದರೇನು, ಫೀಸ್ ಎಷ್ಟು ಅಂತ ಕೇಳಿದವರು ಐಇಎಲ್‌ಟಿಎಸ್ ವೆಬ್‌ಸೈಟ್ ನೋಡಿಕೊಳ್ಳಿ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸ್ಟಾಫ್ ನರ್ಸ್. ಯುಕೆಗೆ ಹೋಗಲು ಲಿಸನಿಂಗ್‌ನಲ್ಲಿ 9ಕ್ಕೆ 7 ಬ್ಯಾಂಡ್ ಬೇಕು. ಕೆಲಸದಲ್ಲಿ ದಿನಾ ಇಂಗ್ಲಿಷ್ ಬಳಸುತ್ತೇನೆ, ಅರ್ಥವಾಗದೇ ಇರುವುದು ಅಂತ ಏನಿಲ್ಲ. ಮೂರು ತಿಂಗಳಿಂದ ದಿನಕ್ಕೆ ಎರಡು ಮಾಕ್ ಟೆಸ್ಟ್ ಬರೆಯುತ್ತಿದ್ದೇನೆ. 40ಕ್ಕೆ 26, 27, ಮತ್ತೆ 26. ಇನ್ನೂ ಎಷ್ಟು ಟೆಸ್ಟ್ ಬರೆಯಬೇಕು ಸರ್?

ಸದ್ಯಕ್ಕೆ ಒಂದೂ ಬೇಡ. ಜ್ವರ ಬಂದ ರೋಗಿಗೆ ನೀವು ದಿನಕ್ಕೆ ಎರಡು ಸಲ ಥರ್ಮಾಮೀಟರ್ ಇಟ್ಟು, ಔಷಧಿ ಕೊಡದೆ ಬರೀ ಚಾರ್ಟ್ ಬರೆಯುತ್ತಾ ಕೂತರೆ ಡಾಕ್ಟರ್ ಏನಂತಾರೆ? ಮಾಕ್ ಟೆಸ್ಟ್ ಅಳತೆ ಮಾತ್ರ. ಅಳತೆ ಎಷ್ಟು ಸಲ ಮಾಡಿದರೂ ಕಾಯಿಲೆ ಅಲ್ಲೇ ಇರುತ್ತದೆ.

7 ಬ್ಯಾಂಡಿಗೆ ಲಿಸನಿಂಗ್‌ನಲ್ಲಿ ಸುಮಾರು 30 ಉತ್ತರ ಸರಿ ಇರಬೇಕು. ನಿಮಗೆ ಬೇಕಾಗಿರುವುದು ಇನ್ನು ಮೂರ್ನಾಲ್ಕು ಉತ್ತರ. ಅದು ನೀವು ತಪ್ಪು ಮಾಡಿದ ಹದಿಮೂರು, ಹದಿನಾಲ್ಕು ಉತ್ತರಗಳ ಒಳಗೇ ಇದೆ. ಆದರೆ ನೀವು ಮಾಡುತ್ತಿರುವುದು ಏನು? ಟೆಸ್ಟ್ ಬರೆಯುವುದು, ಕೀ (ಸರಿ ಉತ್ತರಗಳ ಪಟ್ಟಿ) ನೋಡುವುದು, "ಅಯ್ಯೋ ಇದು ಗೊತ್ತಿತ್ತು" ಅನ್ನುವುದು, ಸ್ಕೋರ್ ಬರೆದಿಟ್ಟು ಮುಂದಿನ ಟೆಸ್ಟಿಗೆ ಹೋಗುವುದು. ಕೀ ನೋಡಿದ ತಕ್ಷಣ ಎಲ್ಲವೂ ಗೊತ್ತಿದ್ದ ಹಾಗೇ ಅನ್ನಿಸುತ್ತದೆ ರೀ. ಅಲ್ಲೇ ಎಡವುತ್ತಿರುವುದು.

ಇನ್ನು ಮೇಲೆ ಹೀಗೆ ಮಾಡಿ. ಒಂದು ರೆಕಾರ್ಡಿಂಗ್ ಮಾತ್ರ ತಗೊಳ್ಳಿ. ಪರೀಕ್ಷೆಯಲ್ಲಿ ಇರುವ ಹಾಗೆ ಒಂದೇ ಸಲ ಕೇಳಿ ಉತ್ತರ ಬರೆಯಿರಿ. ಕೀ ಮುಟ್ಟಬೇಡಿ. ಈಗ ಇನ್ನೊಂದು ಬಣ್ಣದ ಪೆನ್ನು ಹಿಡಿದು ಅದನ್ನೇ ಮತ್ತೊಮ್ಮೆ ಕೇಳಿ, ಬದಲಾಯಿಸಬೇಕು ಅನ್ನಿಸಿದ್ದನ್ನು ಬದಲಾಯಿಸಿ. ಮೂರನೇ ಸಲ, ಅನುಮಾನ ಇರುವ ಕಡೆ ನಿಲ್ಲಿಸಿ ನಿಲ್ಲಿಸಿ ಕೇಳಿ. ಆಮೇಲೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಆ ಮಾತಿನ ಬರಹ ರೂಪ, ತೆಗೆದು, ರೀಡಿಂಗ್ ಪರೀಕ್ಷೆ ಅನ್ನುವ ಹಾಗೆ ಅದನ್ನು ಓದಿ ಉತ್ತರ ಹುಡುಕಿ. ಕೀ ನೋಡುವುದು ಎಲ್ಲಕ್ಕಿಂತ ಕೊನೆಗೆ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಒಂದು ರೆಕಾರ್ಡಿಂಗಿಗೆ ಒಂದು ಸಂಜೆಯೇ ಹೋಗುತ್ತದೆ. ಆದರೆ ಯಾವ ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎರಡನೇ ಸಲಕ್ಕೇ ಸರಿಯಾದರೆ ನಿಮ್ಮ ಇಂಗ್ಲಿಷ್ ಸರಿ ಇದೆ, ಗಮನ ಜಾರಿದೆ. ಮೂರು ಸಲ ಕೇಳಿದರೂ ಸಿಗದೆ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಂಡ ಕೂಡಲೇ "ಓ, ಇದಾ?" ಅನ್ನಿಸಿದರೆ ಪದ ಗೊತ್ತು, ಅದರ ಸದ್ದು ಗೊತ್ತಿಲ್ಲ. ಓದಿದರೂ ಉತ್ತರ ಸಿಗದಿದ್ದರೆ ಅದು ಕಿವಿಯ ತಪ್ಪೇ ಅಲ್ಲ, ಪದದ್ದು ಅಥವಾ ಅರ್ಥದ್ದು. ಇವು ಮೂರು ಬೇರೆ ಬೇರೆ ಕಾಯಿಲೆ. ಎಲ್ಲದಕ್ಕೂ "ಇನ್ನೂ ಪ್ರಾಕ್ಟೀಸ್ ಮಾಡಿ" ಅನ್ನುವ ಕೋಚಿಂಗ್‌ನವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ನಮ್ಮ ಕಡೆಯವರಲ್ಲಿ ಜಾಸ್ತಿ ಕಾಣುವುದು ಎರಡನೆಯದು, ಸದ್ದಿನದು. ಕನ್ನಡದಲ್ಲಿ ನಾವು ಪ್ರತಿ ಅಕ್ಷರವನ್ನೂ ಬಿಡಿಸಿ ಹೇಳುತ್ತೇವೆ, ಕಿವಿಯೂ ಅದನ್ನೇ ಕಾಯುತ್ತದೆ. ಇಂಗ್ಲಿಷಿನವರು ಮುಖ್ಯ ಪದವನ್ನು ಒತ್ತಿ, ಉಳಿದದ್ದನ್ನು ನುಂಗುತ್ತಾರೆ. "ಶುಡ್ ಹ್ಯಾವ್" ಅನ್ನುವುದು "ಶುಡವ್" ಆಗುತ್ತದೆ. "ಕ್ಯಾನ್" ಸಣ್ಣದಾಗಿ "ಕನ್" ಆಗುತ್ತದೆ, "ಕಾನ್ಟ್"ನ ಕೊನೆಯ ಟಕಾರ ಎಷ್ಟೋ ಸಲ ಕೇಳಿಸುವುದೇ ಇಲ್ಲ, ಅಂದರೆ ಆಗುತ್ತೆ ಮತ್ತು ಆಗಲ್ಲ ಇವೆರಡರ ನಡುವಿನ ವ್ಯತ್ಯಾಸವನ್ನು ನೀವು ಸ್ವರ ಮತ್ತು ಒತ್ತಿನಿಂದಲೇ ಹಿಡಿಯಬೇಕು. ಥರ್ಟೀನ್, ಥರ್ಟಿ ಕೂಡ ಹಾಗೇ, ಒತ್ತು ಎಲ್ಲಿ ಬಿತ್ತು ಅಂತ ನೋಡಬೇಕು. ಇನ್ನು ನಮ್ಮ "ವ" ಒಂದೇ. ಅವರಿಗೆ ವಿ ಬೇರೆ, ಡಬ್ಲ್ಯು ಬೇರೆ. ಆಸ್ಟ್ರೇಲಿಯಾದವರು ಹೆಸರಿನ ಸ್ಪೆಲಿಂಗ್ ಹೇಳುವಾಗ "ಎ" ಅನ್ನುವುದು ನಮಗೆ "ಐ" ಅನ್ನುವ ಹಾಗೆ ಕೇಳಿಸುತ್ತದೆ. ಬ್ರಿಟಿಷ್, ಆಸ್ಟ್ರೇಲಿಯನ್, ನ್ಯೂಜಿಲೆಂಡ್, ಅಮೆರಿಕನ್ ಎಲ್ಲಾ ಉಚ್ಚಾರಣೆಯೂ ಬರಬಹುದು. ಇದಕ್ಕೆ ಮದ್ದು ಒಂದೇ: ಹತ್ತು ಹನ್ನೆರಡು ಸೆಕೆಂಡಿನ ತುಣುಕು ಹಾಕಿ, ಕೇಳಿಸಿದ್ದನ್ನು ಅಕ್ಷರ ಬಿಡದೆ ಬರೆದು, ಟ್ರಾನ್ಸ್‌ಕ್ರಿಪ್ಟಿನ ಪಕ್ಕ ಇಡಿ. ಹಳೇ ಕಾಲದ ಡಿಕ್ಟೇಶನ್. ಫ್ಯಾಷನ್ ಅಲ್ಲ ಅಂತ ಕೋಚಿಂಗ್‌ಗಳಲ್ಲಿ ಬಿಟ್ಟಿದ್ದಾರೆ.

ಮೊದಲನೆಯದು, ಗಮನದ್ದು, ನಿಮಗೂ ಇರಬಹುದು ಅಂತ ನನಗೆ ಅನುಮಾನ. ಯಾಕೆಂದರೆ ವಾರ್ಡಿನಲ್ಲಿ ನೀವು ಕೇಳುವ ಇಂಗ್ಲಿಷ್ ಅರ್ಧ ಮೊದಲೇ ಗೊತ್ತಿರುವಂಥದ್ದು. ಅದೇ ಔಷಧಿ, ಅದೇ ಡಾಕ್ಟರ್, ಕೇಳಿಸದಿದ್ದರೆ ಇನ್ನೊಮ್ಮೆ ಕೇಳಬಹುದು. ಪರೀಕ್ಷೆಯಲ್ಲಿ ಹೇಳುವವರು ಬೇಕಂತಲೇ ಮಾತು ಬದಲಾಯಿಸುತ್ತಾರೆ. "ಟೂರ್ ಒಂಬತ್ತೂ ಕಾಲಕ್ಕೆ ಹೊರಡುತ್ತೆ. ಅಲ್ಲಲ್ಲ, ಅದು ಹೋದ ವರ್ಷ, ಈಗ ಒಂಬತ್ತೂವರೆ" ಅನ್ನುವ ಥರ. ಒಂಬತ್ತೂ ಕಾಲು ಅಂತ ಕೇಳಿದ ಕೂಡಲೇ ಬರೆದು ಮುಂದಿನ ಪ್ರಶ್ನೆಗೆ ಕಣ್ಣು ಹಾಯಿಸಿದವರು ಸಿಕ್ಕಿಬಿದ್ದರು. ಲಿಸನಿಂಗ್‌ನ ನಾಲ್ಕು ಭಾಗಗಳಲ್ಲಿ ಮೂರನೆಯದರಲ್ಲಿ ಇದು ಇನ್ನೂ ಜಾಸ್ತಿ. ಅಲ್ಲಿ ವಿದ್ಯಾರ್ಥಿಗಳು ಪ್ರಾಜೆಕ್ಟ್ ಬಗ್ಗೆ ಚರ್ಚೆ ಮಾಡುತ್ತಿರುತ್ತಾರೆ. ಆಯ್ಕೆಗಳಲ್ಲಿರುವ ಮೂರೂ ವಿಷಯ ಮಾತಿನಲ್ಲಿ ಬರುತ್ತವೆ, ಕೊನೆಗೆ ಒಪ್ಪಿದ್ದು ಯಾವುದಕ್ಕೆ ಅನ್ನುವುದೇ ಪ್ರಶ್ನೆ. ಆಯ್ಕೆಯಲ್ಲಿರುವ ಪದ ಕಿವಿಗೆ ಬಿದ್ದರೆ ಅದೇ ಉತ್ತರ ಅಂತ ಟಿಕ್ ಹಾಕುವುದನ್ನು ನಿಲ್ಲಿಸಿ. ಈ ಮಟ್ಟದ ಪ್ರಶ್ನೆಗಳಲ್ಲಿ ಉತ್ತರ ಸಾಮಾನ್ಯವಾಗಿ ಬೇರೆ ಪದದಲ್ಲೇ ಇರುತ್ತದೆ. ಅದೇ ಪದ ಬಂದರೆ ಅನುಮಾನ ಪಡಿ.

ನಾಲ್ಕನೇ ಭಾಗ ಒಬ್ಬರೇ ಮಾಡುವ ಉಪನ್ಯಾಸ, ನಡುವೆ ಬಿಡುವಿಲ್ಲ. ಅಲ್ಲಿ ಒಂದು ಉತ್ತರ ತಪ್ಪಿಸಿಕೊಂಡರೆ ಅದನ್ನು ಹುಡುಕುತ್ತಾ ಕೂರಬೇಡಿ. ಒಂದಕ್ಕೆ ಅತ್ತು ನಾಲ್ಕು ಕಳೆದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ. ಪ್ರಶ್ನೆಗಳು ಮಾತಿನ ಕ್ರಮದಲ್ಲೇ ಬರುತ್ತವೆ, ಹಾಗಾಗಿ ಮುಂದಿನ ಪ್ರಶ್ನೆಯ ಹತ್ತಿರ ಹೋಗಿ ಕಾಯಿರಿ.

ಇನ್ನು ಸುಮ್ನೆ ಕಳೆಯುವ ಅಂಕಗಳು. ಸ್ಪೆಲಿಂಗ್ ತಪ್ಪಿದರೆ ಉತ್ತರ ತಪ್ಪು. ಬಹುವಚನದ ಎಸ್ ಬೇಕಿರುವ ಕಡೆ ಬಿಟ್ಟರೆ ತಪ್ಪು. ಎರಡು ಪದ ಮೀರಬಾರದು ಅಂದ ಕಡೆ ಮೂರು ಬರೆದರೆ, ಒಳಗೆ ಸರಿಯುತ್ತರ ಇದ್ದರೂ ತಪ್ಪು. ಕಾಗದದ ಪರೀಕ್ಷೆ ಇರುವ ಕಡೆ ಉತ್ತರಗಳನ್ನು ಉತ್ತರ ಪತ್ರಿಕೆಗೆ ನಕಲು ಮಾಡಲು 10 ನಿಮಿಷ ಕೊಡುತ್ತಾರೆ. ಕಂಪ್ಯೂಟರಿನಲ್ಲಿ ಪರಿಶೀಲನೆಗೆ 2 ನಿಮಿಷ ಮಾತ್ರ, ಅಂದರೆ ಕೇಳುತ್ತಲೇ ಟೈಪ್ ಮಾಡಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಖಾಲಿ ಬಿಡುವುದು ದಡ್ಡತನ. 26ರಲ್ಲಿ ನಿಂತ ನಿಮಗೆ ಇಲ್ಲೇ ಎರಡು ಅಂಕ ಸಿಕ್ಕರೂ ನನಗೆ ಆಶ್ಚರ್ಯ ಇಲ್ಲ.

ವಾರಕ್ಕೆ ಎರಡು ರೆಕಾರ್ಡಿಂಗ್ ಸಾಕು. ಪೂರ್ತಿ ಮಾಕ್ ಟೆಸ್ಟ್ ಹದಿನೈದು ದಿನಕ್ಕೊಂದು. ಮತ್ತೆ ಒಂದು ಮಾತು ಮೇಡಂ, ಸ್ಕೋರ್ ಕೈಗೆ ಬರುವ ಮುಂಚೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಏಜೆಂಟ್ ಏನೇ ಹೇಳಲಿ.

ಪ್ರಶ್ನೆ: ರೀಡಿಂಗ್‌ನಲ್ಲಿ ಟ್ರೂ, ಫಾಲ್ಸ್, ನಾಟ್ ಗಿವನ್ ಬಂದರೆ ತಲೆ ಕೆಡುತ್ತದೆ. ಏನಾದರೂ ಟ್ರಿಕ್ ಇದೆಯಾ? (ಚಿತ್ರದುರ್ಗ)

ಟ್ರಿಕ್ ಇಲ್ಲ. ನಿಮಗೆ ಗೊತ್ತಿರುವುದನ್ನು ಮರೆಯಬೇಕು, ಅಷ್ಟೇ. ನಿಮ್ಮೂರಿನದೇ ಉದಾಹರಣೆ ಕೊಡುತ್ತೇನೆ. ಪ್ಯಾಸೇಜಿನಲ್ಲಿ ಹೀಗಿದೆ ಅಂದುಕೊಳ್ಳಿ: "ಚಿತ್ರದುರ್ಗದ ಕೋಟೆಗೆ ಏಳು ಸುತ್ತು. ಬೆಟ್ಟದ ಮೇಲಿನ ಹೊಂಡಗಳು ಒಂದು ತುಂಬಿದರೆ ಇನ್ನೊಂದಕ್ಕೆ ನೀರು ಹರಿಯುವಂತೆ ಕಟ್ಟಿದವು." ಈಗ ಹೇಳಿಕೆ: "ಹೈದರಾಲಿ 1779ರಲ್ಲಿ ಈ ಕೋಟೆಯನ್ನು ಹಿಡಿದ." ದುರ್ಗದವರು ಕಣ್ಣು ಮುಚ್ಚಿ ಟ್ರೂ ಹಾಕುತ್ತೀರಿ. ಇತಿಹಾಸದಲ್ಲಿ ಸರಿ, ಪರೀಕ್ಷೆಯಲ್ಲಿ ತಪ್ಪು. ಪ್ಯಾಸೇಜಿನಲ್ಲಿ ಆ ಮಾತೇ ಇಲ್ಲ, ಉತ್ತರ ನಾಟ್ ಗಿವನ್. "ಹೊಂಡಗಳಿಗೆ ಒಂದಕ್ಕೊಂದು ಸಂಪರ್ಕ ಇರಲಿಲ್ಲ" ಅಂದರೆ ಫಾಲ್ಸ್, ಯಾಕೆಂದರೆ ಪ್ಯಾಸೇಜು ಅದಕ್ಕೆ ಉಲ್ಟಾ ಹೇಳುತ್ತಿದೆ. "ಕೋಟೆಯಲ್ಲಿ ಎಂದೂ ನೀರಿಗೆ ಬರ ಬರಲಿಲ್ಲ" ಅಂದರೆ? ಇಲ್ಲೇ ಚೆನ್ನಾಗಿ ಓದಿಕೊಂಡವರು ಬೀಳುವುದು. ಹೊಂಡ ಇತ್ತು ಅಂದಮೇಲೆ ನೀರಿತ್ತು ಅಂತ ನೀವು ಊಹಿಸಿದಿರಿ. ಪ್ಯಾಸೇಜು ಹಾಗೆ ಹೇಳಿಲ್ಲ, ಇದೂ ನಾಟ್ ಗಿವನ್. ಬುದ್ಧಿವಂತರಿಗೆ ಈ ಪ್ರಶ್ನೆ ಕಷ್ಟ, ಯಾಕೆಂದರೆ ಅವರ ತಲೆ ಸುಮ್ಮನಿರುವುದಿಲ್ಲ. ಉತ್ತರದ ಸಾಲಿನ ಮೇಲೆ ಬೆರಳಿಟ್ಟು ತೋರಿಸಲು ಆಗದಿದ್ದರೆ ಟ್ರೂ ಹಾಕಬೇಡಿ.

60 ನಿಮಿಷಕ್ಕೆ ಮೂರು ಪ್ಯಾಸೇಜು, 40 ಪ್ರಶ್ನೆ. ಇಲ್ಲಿ ನಕಲು ಮಾಡಲು ಬೇರೆ ಸಮಯ ಇಲ್ಲ. ಒಂದೇ ನಾಟ್ ಗಿವನ್ ಹಿಡಿದುಕೊಂಡು ಐದು ನಿಮಿಷ ಜಗಳ ಆಡಬೇಡಿ.

ಪ್ರಶ್ನೆ: ಇಂಗ್ಲಿಷ್ ಸಿನಿಮಾ ನೋಡಿದರೆ ಲಿಸನಿಂಗ್ ಸುಧಾರಿಸುತ್ತಾ?

ಸಬ್‌ಟೈಟಲ್ ಹಾಕಿಕೊಂಡು ನೋಡಿದರೆ ರೀಡಿಂಗ್ ಸುಧಾರಿಸಬಹುದು.

ಪ್ರಶ್ನೆ: ಐಇಎಲ್‌ಟಿಎಸ್‌ನಲ್ಲಿ ಅಕಾಡೆಮಿಕ್‌ಗಿಂತ ಜನರಲ್ ಟ್ರೇನಿಂಗ್ ಅನ್ನುವ ಬಗೆ ಸುಲಭ ಅಂತೆ, ಅದನ್ನೇ ಬರೆಯಲಾ?

ಪ್ಯಾಸೇಜು ಸುಲಭ, ಆದರೆ ರೀಡಿಂಗ್‌ನಲ್ಲಿ 7 ಬರಬೇಕಾದರೆ ಸುಮಾರು 34 ಸರಿ ಇರಬೇಕು. ಅಕಾಡೆಮಿಕ್‌ನಲ್ಲಿ 30 ಸಾಕು. ಅದಕ್ಕಿಂತ ಮುಖ್ಯವಾಗಿ, ಯುಕೆ ನರ್ಸಿಂಗ್ ನೋಂದಣಿಗೆ ಕೇಳುವುದು ಅಕಾಡೆಮಿಕ್. ಯಾರೋ ಹೇಳಿದರು ಅಂತ ಫೀಸ್ ಕಟ್ಟಬೇಡಿ.

ಪ್ರಶ್ನೆ: ಕೇಂಬ್ರಿಜ್‌ನ ಸಿ1 ಅಡ್ವಾನ್ಸ್ಡ್ ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಕೇಳಿಸುತ್ತಾರೆ, ಐಇಎಲ್‌ಟಿಎಸ್‌ನಲ್ಲಿ ಒಂದೇ ಸಲ. ಇದು ಅನ್ಯಾಯ ಅಲ್ವಾ?

ಎರಡು ಸಲ ಕೇಳಿಸುವ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಅದಕ್ಕೆ ತಕ್ಕ ಹಾಗೆ ಸೂಕ್ಷ್ಮ ಮಾಡಬಹುದು. ಯಾವುದೂ ಪುಕ್ಕಟೆ ಸಿಗುವುದಿಲ್ಲ.

ಪ್ರಶ್ನೆ: ಒಂದು ಟೆಲಿಗ್ರಾಂ ಗ್ರೂಪಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಲಿಸನಿಂಗ್ ಉತ್ತರ ಕೊಡುತ್ತಾರಂತೆ. ಇನ್ನೊಬ್ಬರು ಪರೀಕ್ಷೆಯೇ ಬರೆಯದೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಅನ್ನುತ್ತಿದ್ದಾರೆ. ನಂಬಬಹುದಾ?

ನಂಬಬಹುದಾ ಅಂತ ನನ್ನನ್ನು ಕೇಳುತ್ತಿದ್ದೀರಲ್ಲ, ನಿಮ್ಮನ್ನು ನೋಡಿಯೇ ಅವರು ಅಂಗಡಿ ತೆರೆದಿರುವುದು. ಫಲಿತಾಂಶದ ನಂಬರ್ ಹಾಕಿ ವಿಶ್ವವಿದ್ಯಾಲಯಗಳು ಆನ್‌ಲೈನಿನಲ್ಲೇ ಸ್ಕೋರ್ ಪರಿಶೀಲಿಸುತ್ತವೆ. ಕಾಗದ ಎಷ್ಟು ಚೆನ್ನಾಗಿ ಪ್ರಿಂಟ್ ಮಾಡಿಸಿದರೂ ಅಲ್ಲಿ ಸಿಕ್ಕಿಬೀಳುತ್ತೀರಿ, ದುಡ್ಡು ತಗೊಂಡವನ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್ ಆಗಿರುತ್ತದೆ.

ಪ್ರಶ್ನೆ: ಲಿಸನಿಂಗ್ ಒಂದರಲ್ಲೇ ಕಡಿಮೆ ಬಂದರೆ ನಾಲ್ಕೂ ವಿಭಾಗ ಮತ್ತೆ ಬರೆಯಬೇಕಾ?

ಕಂಪ್ಯೂಟರಿನಲ್ಲಿ ಬರೆದವರಿಗೆ ಒಂದೇ ವಿಭಾಗ ಮತ್ತೆ ಬರೆಯುವ ಅವಕಾಶ ಇದೆ, ಮೊದಲ ಪರೀಕ್ಷೆಯಿಂದ 60 ದಿನದ ಒಳಗೆ. ಆದರೆ ನೀವು ಸ್ಕೋರ್ ಕಳಿಸಬೇಕಾದ ಸಂಸ್ಥೆ ಅದನ್ನು ಒಪ್ಪುತ್ತದಾ ಅಂತ ಮೊದಲು ವಿಚಾರಿಸಿ.

ಪ್ರಶ್ನೆ: ನನ್ನ ಪರೀಕ್ಷೆ ಬೆಂಗಳೂರಿನಲ್ಲಿ. ರಾತ್ರಿ ಬಸ್ಸಿಗೆ ಹತ್ತಿದರೆ ಬೆಳಗ್ಗೆ ನೇರ ಸೆಂಟರಿಗೆ ಹೋಗಬಹುದಲ್ಲ?

ಹೋಗಬಹುದು, ಬರೆಯಲು ಆಗುವುದಿಲ್ಲ. ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್ ನಿದ್ದೆಗೆಟ್ಟು ಹೋಗಿ, ಮೆಜೆಸ್ಟಿಕ್‌ನಲ್ಲಿ ಮುಖ ತೊಳೆದುಕೊಂಡು, ಒಂದೇ ಸಲ ಕೇಳಿಸುವ ಪರೀಕ್ಷೆಗೆ ಕೂರುತ್ತೀರಾ? ಹಿಂದಿನ ದಿನ ಮಧ್ಯಾಹ್ನವೇ ಹೋಗಿ ಸೆಂಟರ್ ಹತ್ತಿರ ರೂಮು ಮಾಡಿ. ಮತ್ತೊಮ್ಮೆ ಕಟ್ಟುವ ಪರೀಕ್ಷೆ ಫೀಸಿಗಿಂತ ಆ ಬಾಡಿಗೆ ಕಡಿಮೆಯೇ.